ಎಲೆಕ್ಟ್ರಿಕ್ ಕಾರು ಟೆಸ್ಟ್ ಡ್ರೈವ್ ಮಾಡಿದವರು ಕೊನೆಗೆ ಪೆಟ್ರೋಲ್ ಗಾಡಿಯನ್ನೇ ಬುಕ್ ಮಾಡುವುದು ಯಾಕೆ? (ಮಂಗಳೂರು–ಉಡುಪಿ)

ಮಲ್ಪೆ_ಗಾಳಿ ಕೇಳಿದ್ದು:

ನಮ್ಮ ಕಡೆ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಳ್ಳುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ. ಕಾರಿನ ಮಾತು ಬಂತೋ, ಹಿಂದೆ ಸರಿಯುತ್ತಾರೆ. ಓಡಿಸಿ ನೋಡಿ ಇಷ್ಟಪಟ್ಟವರೂ ಕೊನೆಗೆ ಪೆಟ್ರೋಲೇ ಸಾಕು ಎನ್ನುತ್ತಾರೆ. ಕೇಳಿದರೆ ಕಾರಣಗಳು ಅವೇ: ಬೆಂಗಳೂರಿಗೆ ಹೊರಟರೆ ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಚಾರ್ಜ್ ಖಾಲಿ, ಮಳೆಗಾಲದ ನೀರಿಗೆ ಇಳಿದರೆ ಶಾಕ್, ಉಪ್ಪು ಗಾಳಿಗೆ ಬ್ಯಾಟರಿ ಹಾಳು, ಎಂಟು ವರ್ಷ ಕಳೆದರೆ ಗಾಡಿಗೆ ಬೆಲೆಯೇ ಇಲ್ಲ, ಕರೆಂಟ್ ಬಿಲ್ ಏರುತ್ತದೆ.

ಇದರಲ್ಲಿ ಯಾವುದು ನಿಜ, ನಿಜವಾದರೆ ಎಷ್ಟರ ಮಟ್ಟಿಗೆ, ಯಾವುದು ಬರೀ ಬಾಯಿಮಾತು? ಗೊತ್ತಿದ್ದವರು ಲೆಕ್ಕ ಸಮೇತ ಬರೆದರೆ ಉಪಕಾರ. ಯಾವ ಕಂಪೆನಿಯ ಗಾಡಿ ಒಳ್ಳೆಯದು ಎಂಬ ಚರ್ಚೆ ಇಲ್ಲಿ ಬೇಡ ಮಾರಾಯ್ರೆ, ಅದಕ್ಕೆ ಬೇರೆ ಜಾಗ ಉಂಟು.

ವಯರಿಂಗ್_ಪೆಟ್ಟಿಗೆ:

ನೀವು ಬರೆದ ಪಟ್ಟಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಗಾಡಿ ನೋಡುವುದಕ್ಕೆ ಮೊದಲು ಮನೆಯ ಅರ್ತಿಂಗ್ ನೋಡಬೇಕು. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತಿತು ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪಿರುವುದು ಗಾಡಿಯಲ್ಲಲ್ಲ, ಗೋಡೆಯ ಹಿಂದೆ.

ನಮ್ಮ ನೆಲ ಮುರಕಲ್ಲು (ಜಂಬಿಟ್ಟಿಗೆ). ಜುಲೈಯಲ್ಲಿ ನೀರು ಕುಡಿದು ಕೂತಿರುತ್ತದೆ, ಏಪ್ರಿಲ್‌ಗೆ ಒಣಗಿ ಇಟ್ಟಿಗೆಯಂತಾಗುತ್ತದೆ. ಒಣಗಿದ ಮುರಕಲ್ಲಿನಲ್ಲಿ ಅರ್ತಿನ ರೆಸಿಸ್ಟೆನ್ಸ್ ಹಲವು ಪಟ್ಟು ಏರುತ್ತದೆ. ಮಿಕ್ಸಿ, ಫ್ರಿಜ್ಜುಗಳಿಗೆ ಇದು ಗೊತ್ತಾಗುವುದೇ ಇಲ್ಲ. ಕಾರಿನ ಚಾರ್ಜರ್ ಮಾತ್ರ ಶುರು ಮಾಡುವ ಮೊದಲು ಅರ್ತ್ ಸರಿ ಉಂಟಾ ಎಂದು ತಾನೇ ಪರೀಕ್ಷಿಸುತ್ತದೆ, ಸರಿ ಇಲ್ಲದಿದ್ದರೆ ಚಾರ್ಜ್ ಮಾಡುವುದಿಲ್ಲ. ಅದು ದೋಷವಲ್ಲ, ನಿಮ್ಮ ಜೀವ ಕಾಯುವ ಕೆಲಸ.

ಫೇಸಿನಿಂದ ಅರ್ತಿಗೆ ಬಲ್ಬ್ ಕೊಟ್ಟು, ಉರಿದರೆ ಅರ್ತ್ ಸರಿ ಎನ್ನುವವರು ಈಗಲೂ ಇದ್ದಾರೆ. ಅದನ್ನು ನಂಬಬೇಡಿ. 100 ವಾಟಿನ ಬಲ್ಬ್ ಎಳೆಯುವುದು 0.4 ಆಂಪಿಯರ್ ಮಾತ್ರ. ಅರ್ತ್ 50 ಓಮ್‌ನಷ್ಟು ಕೆಟ್ಟಿದ್ದರೂ ಬಲ್ಬಿಗೆ ಕಡಿಮೆಯಾಗುವುದು ಸುಮಾರು 20 ವೋಲ್ಟ್, ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಅರ್ತ್ ಟೆಸ್ಟರ್‌ನಲ್ಲೇ ಅಳೆಯಿಸಿ, 5 ಓಮ್‌ಗಿಂತ ಕೆಳಗೆ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಇಟ್ಟರೆ 2–3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು.

ಹೊಸ ಅರ್ತ್ ಹಾಕುವುದಾದರೆ 3 ಮೀಟರ್ ಉದ್ದದ ತಾಮ್ರ ಲೇಪದ ರಾಡ್, ಸುತ್ತ ತೇವ ಹಿಡಿಯುವ ಅರ್ತಿಂಗ್ ಪುಡಿ. ಮುರಕಲ್ಲಿಗೆ ಸುತ್ತಿಗೆಯಲ್ಲಿ ರಾಡ್ ಇಳಿಯುವುದಿಲ್ಲ, ಬಡಿದರೆ ಬಗ್ಗುತ್ತದೆ. ಮೊದಲು ಬೋರಿಂಗ್ ಮಾಡಿ ತೂತು ಕೊರೆಯಬೇಕು. ಒಂದರಿಂದ 5 ಓಮ್ ಬಾರದಿದ್ದರೆ ಕನಿಷ್ಠ 3 ಮೀಟರ್ ಅಂತರದಲ್ಲಿ ಇನ್ನೊಂದು ಹಾಕಿ ಎರಡನ್ನೂ ಜೋಡಿಸಿ. ತೀರಾ ಹತ್ತಿರ ಹಾಕಿದರೆ ಎರಡನೆಯದರಿಂದ ಹೆಚ್ಚು ಪ್ರಯೋಜನ ಸಿಗುವುದಿಲ್ಲ. ಬಚ್ಚಲಿನ ನೀರು ಹೋಗುವ ಕಡೆ ಅಥವಾ ದಿನಾ ನೀರು ಬೀಳುವ ತೆಂಗಿನ ಬುಡದ ಬಳಿ ಜಾಗ ಸಿಕ್ಕಿದರೆ ಬೇಸಿಗೆಯಲ್ಲೂ ತೇವ ಇರುತ್ತದೆ.

ಇನ್ನು ವಯರಿಂಗ್. ಗಾಡಿಯ ಜತೆ ಬರುವ 3.3 ಕಿಲೋವಾಟ್ ಚಾರ್ಜರ್ ಸುಮಾರು 15 ಆಂಪಿಯರನ್ನು ಗಂಟೆಗಟ್ಟಲೆ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದೆ ಎಂದು ವಾದಿಸುತ್ತಾರೆ, ಆದರೆ ಗೀಸರ್ ಓಡುವುದು ಹದಿನೈದು ನಿಮಿಷ. ಹಳೆಯ ಪವರ್ ಪ್ಲಗ್ಗಿನ ಸ್ಕ್ರೂ ಸಡಿಲವಾಗಿದ್ದರೆ ಆರು ಗಂಟೆಯಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ನೇರ ಬೇರೆ ಲೈನ್ ಎಳೆಯಿರಿ: 4 ಸ್ಕ್ವೇರ್ ಎಂಎಂ ತಾಮ್ರ, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್ ಟೈಪ್-ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಹೊಸ ಒಳ್ಳೆಯ 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಶನ್ ಬಾಕ್ಸ್, ಅಡಾಪ್ಟರ್ ಯಾವುದೂ ಬೇಡ. ಮೊದಲ ದಿನ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಡಿಯಲಾಗದಿದ್ದರೆ ನಿಲ್ಲಿಸಿ. ಈ ಲೈನ್ ಇನ್ವರ್ಟರ್ ಕಡೆಗೆ ಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಏಪ್ರಿಲ್–ಮೇಯ ಮತ್ತು ಅಕ್ಟೋಬರದ ಸಿಡಿಲಿಗಾಗಿ ಬೋರ್ಡಿನಲ್ಲಿ ಟೈಪ್-2 ಸರ್ಜ್ ಪ್ರೊಟೆಕ್ಟರ್ ಇರಲೇಬೇಕು. ಅದೂ ಅರ್ತ್ ಸರಿ ಇದ್ದರೆ ಮಾತ್ರ ಕೆಲಸ ಮಾಡುವುದು. ಗುಡುಗು ಹತ್ತಿರ ಬಂದರೆ ಪ್ಲಗ್ ಕಿತ್ತಿಡುವುದೇ ಕ್ಷೇಮ.

ದಿನಕ್ಕೆ 40–50 ಕಿಲೋಮೀಟರ್ ಓಡುವವರಿಗೆ ಬೇಕಾಗುವುದು ಸುಮಾರು 7 ಯೂನಿಟ್. 3.3 ಕಿಲೋವಾಟಿನಲ್ಲಿ ಎರಡೂವರೆ ಗಂಟೆ ಸಾಕು. 7.2 ಕಿಲೋವಾಟಿನ ಗೋಡೆ ಚಾರ್ಜರ್ ಹೆಚ್ಚಿನವರಿಗೆ ಬೇಡವೇ ಬೇಡ. ಹಾಕಲೇಬೇಕಾದರೆ ಅದು ಒಂದೇ ಫೇಸಿನಿಂದ 32 ಆಂಪಿಯರ್ ಎಳೆಯುತ್ತದೆ. 6 ಸ್ಕ್ವೇರ್ ಎಂಎಂ ತಾಮ್ರ ಬೇಕು, ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸಬೇಕು, ಸಾಮಾನ್ಯವಾಗಿ ತ್ರೀ ಫೇಸ್ ಮೀಟರ್ ಆಗಬೇಕು. ಆಗ ಪಂಪು ಮತ್ತು ಏಸಿಯನ್ನು ಉಳಿದ ಎರಡು ಫೇಸಿಗೆ ಹಂಚಿ.

ತೋಟದ ನಡುವಿನ ಮನೆಯವರು ಇನ್ನೊಂದು ನೋಡಬೇಕು. ಟ್ರಾನ್ಸ್‌ಫಾರ್ಮರ್ ದೂರ ಇದ್ದು, ಬೇಸಿಗೆಯ ಸಂಜೆ ಎಲ್ಲರ ಪಂಪು ಓಡುವಾಗ ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೆ ಚಾರ್ಜರ್ ಕೈಬಿಡಬಹುದು. ಸಂಜೆ 7ಕ್ಕೂ ರಾತ್ರಿ 11ಕ್ಕೂ ಒಂದು ವಾರ ಅಳೆದು ಬರೆದಿಡಿ. ರಾತ್ರಿ ಸರಿ ಇದ್ದರೆ ಗಾಡಿಯಲ್ಲಿ 11 ಗಂಟೆಗೆ ಟೈಮರ್ ಇಟ್ಟರಾಯಿತು.

ಘಟ್ಟದ_ದಾರಿ:

ಶಿರಾಡಿಯ ಹೆದರಿಕೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. ಮಂಗಳೂರು ಸಮುದ್ರ ಮಟ್ಟ, ಸಕಲೇಶಪುರ ಅದಕ್ಕಿಂತ 900 ಮೀಟರಿಗೂ ಸ್ವಲ್ಪ ಮೇಲೆ. ಗಾಡಿ 1400 ಕಿಲೋ, ನಾಲ್ಕು ಜನ ಮತ್ತು ಲಗೇಜ್ 350 ಕಿಲೋ ಎಂದು ಹಿಡಿಯಿರಿ. 1750 ಕಿಲೋವನ್ನು 900 ಮೀಟರ್ ಎತ್ತಲು ಬೇಕಾದ ಶಕ್ತಿ 4.3 ಯೂನಿಟ್. ಮೋಟರ್, ಗೇರ್ ನಷ್ಟ ಸೇರಿಸಿದರೆ 5ರ ಒಳಗೆ. 45 ಯೂನಿಟಿನ ಬ್ಯಾಟರಿಯಲ್ಲಿ ಇದು ಶೇ 11. ಘಟ್ಟ ಅಂದರೆ ಸಪಾಟು ರಸ್ತೆಯಲ್ಲಿ 35 ಕಿಲೋಮೀಟರ್ ಹೆಚ್ಚು ಓಡಿದಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆಗುಂಬೆಯ 14 ತಿರುವುಗಳಿಗೆ 3 ಯೂನಿಟ್ ಚಿಲ್ಲರೆ.

ಮಂಗಳೂರಿನಿಂದ ಸಕಲೇಶಪುರ ಸುಮಾರು 130 ಕಿಲೋಮೀಟರ್. ಕಿಲೋಮೀಟರಿಗೆ 140 ವಾಟ್‌ಅವರ್ (0.14 ಯೂನಿಟ್) ಎಂದರೆ 18 ಯೂನಿಟ್, ಘಟ್ಟಕ್ಕೆ 5, ಒಟ್ಟು 23. ತುಂಬಿಸಿ ಹೊರಟರೆ ಅಲ್ಲಿ ಅರ್ಧ ಉಳಿದಿರುತ್ತದೆ. ಹಾಸನಕ್ಕೆ ಇನ್ನು 40 ಕಿಲೋಮೀಟರ್, ಅಲ್ಲಿಗೆ ಶೇ 35. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಚತುಷ್ಪಥದಲ್ಲಿ 100ರ ವೇಗಕ್ಕೆ 30 ಯೂನಿಟ್ ಬೇಕು. ಹಾಸನದಲ್ಲಿ ಶೇ 80ಕ್ಕೆ ಏರಿಸಿದರೆ 36 ಯೂನಿಟ್, ತಲುಪುವಾಗ 6 ಉಳಿಯುತ್ತದೆ. ಇದು ತುಂಬಾ ಬಿಗಿ, ಆದ್ದರಿಂದ ಬೆಳ್ಳೂರು ಕ್ರಾಸ್ ಅಥವಾ ಕುಣಿಗಲ್ ಕಡೆ ಚಹಾ ಕುಡಿಯುವ ಹೊತ್ತಿನಲ್ಲಿ ಇನ್ನೊಂದು ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಿ. ವೇಗ 80ಕ್ಕೆ ಇಳಿಸಿದರೆ ಖರ್ಚು ಕಾಲು ಭಾಗದಷ್ಟು ತಗ್ಗುತ್ತದೆ. 25–30 ಯೂನಿಟಿನ ಸಣ್ಣ ಬ್ಯಾಟರಿಯ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಅದನ್ನು ಊರೊಳಗಿನ ಗಾಡಿ ಎಂದೇ ತೆಗೆದುಕೊಳ್ಳಬೇಕು.

ಹಿಂದೆ ಬರುವಾಗ ಒಂದು ಮಾತು ನೆನಪಿಡಿ: ಸಕಲೇಶಪುರದಲ್ಲಿ ಶೇ 100 ತುಂಬಿಸಿ ಘಟ್ಟ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ಇಳಿಜಾರಿನ ಶಕ್ತಿಯನ್ನು ಹಿಂದಕ್ಕೆ ಹಾಕಲು ಜಾಗ ಇರುವುದಿಲ್ಲ, ರೀಜನ್ ಬ್ರೇಕ್ (ಮೋಟರಿನಿಂದಲೇ ವೇಗ ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಹಾಕುವುದು) ಕೈಕೊಡುತ್ತದೆ, ಕಾಲಿನ ಬ್ರೇಕ್ ಒಂದೇ ಗತಿ. ಶೇ 80ರಲ್ಲಿ ಇಳಿದರೆ ರೀಜನ್ ಗಟ್ಟಿಯಾಗಿ ಹಿಡಿಯುತ್ತದೆ, 2–3 ಯೂನಿಟ್ ವಾಪಸ್ ಬರುತ್ತದೆ.

ಹಾಗಾದರೆ ಜನರ ಹೆದರಿಕೆ ಸುಳ್ಳಾ? ಅಲ್ಲ. ತೊಂದರೆ ಇರುವುದು ಘಟ್ಟದ ಏರಿನಲ್ಲಲ್ಲ, ಚಾರ್ಜರುಗಳಲ್ಲಿ. 60 ಕಿಲೋವಾಟ್ ಎಂದು ಬರೆದ, ಎರಡು ಗನ್ನಿನ (ಗಾಡಿಗೆ ಚುಚ್ಚುವ ಹಿಡಿಕೆಯ) ಯಂತ್ರದಲ್ಲಿ ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತರೆ ತಲಾ 30 ಸಿಗುತ್ತದೆ, 25 ನಿಮಿಷದ ಕೆಲಸ 45 ನಿಮಿಷ ಹಿಡಿಯುತ್ತದೆ. ಆ್ಯಪ್ ಇಲ್ಲದೆ ಶುರುವಾಗದ ಯಂತ್ರಗಳು ನೆಟ್‌ವರ್ಕ್ ಇಲ್ಲದ ಕಡೆ ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹೆಚ್ಚಿನವಕ್ಕೆ ಜನರೇಟರ್ ಬೆಂಬಲ ಇಲ್ಲ. ಒಂದೊಂದು ಕಂಪೆನಿಗೆ ಒಂದೊಂದು ಆ್ಯಪ್, ಪ್ರತಿಯೊಂದರಲ್ಲೂ ಮುಂಗಡ ಹಣ.

ಎಲ್ಲಕ್ಕಿಂತ ದೊಡ್ಡದು ದೋಣಿಗಲ್ ಕಡೆ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದು. ಪೆಟ್ರೋಲ್ ಗಾಡಿಯವರು ಚಾರ್ಮಾಡಿಗೋ ಸಂಪಾಜೆಗೋ ತಿರುಗಿಸುತ್ತಾರೆ, ಅಷ್ಟೇ. ಇವಿಯವರು, ಅಂದರೆ ಎಲೆಕ್ಟ್ರಿಕ್ ಗಾಡಿಯವರು, ಲೆಕ್ಕ ಹಾಕಿದ ಚಾರ್ಜರ್ ಆ ದಾರಿಯಲ್ಲಿ ಇರುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಗುಂಡ್ಯ ದಾಟುವ ಮೊದಲು ರಸ್ತೆಯ ಸುದ್ದಿ ಕೇಳಿ, ಹಿಂದೆ ತಿರುಗಿ ಬರುವಷ್ಟು ಚಾರ್ಜ್ ಕೈಯಲ್ಲಿರಲಿ. ಚಾರ್ಜರ್ ಆರಿಸುವಾಗ ಕೊನೆಯ ಸಲ ಯಾರು ಎಷ್ಟು ಹೊತ್ತಿಗೆ ಚಾರ್ಜ್ ಮಾಡಿದ್ದಾರೆ ಎಂದು ಆ್ಯಪಿನಲ್ಲಿ ನೋಡಿ. ಎರಡು ದಿನದಿಂದ ಯಾರೂ ಮಾಡಿಲ್ಲ ಎಂದರೆ ಅದು ಕೆಟ್ಟಿದೆ ಎಂದೇ ತಿಳಿಯಿರಿ. ಶೇ 20ರ ಕೆಳಗೆ ಇಳಿಯುವ ಮೊದಲು 30 ಕಿಲೋಮೀಟರಿನೊಳಗೆ ಎರಡನೇ ಚಾರ್ಜರ್ ಗೊತ್ತಿರಬೇಕು.

ಕದ್ರಿ_ಮೂರನೇ_ಮಹಡಿ:

ವಯರಿಂಗ್ ಅಣ್ಣಾ, ಅಪಾರ್ಟ್‌ಮೆಂಟಿನವರ ಗತಿ ಎಂತ? ಮೀಟರ್ ರೂಮಿನಿಂದ ಪಾರ್ಕಿಂಗಿಗೆ 40 ಮೀಟರ್. ಅಸೋಸಿಯೇಷನ್ ಬೆಂಕಿ ಹತ್ತುತ್ತದೆ ಎಂದು ಒಪ್ಪುವುದಿಲ್ಲ.

ವಯರಿಂಗ್_ಪೆಟ್ಟಿಗೆ:

40 ಮೀಟರಿಗೆ 7.2 ಕಿಲೋವಾಟ್ ಆದರೆ 6 ಸ್ಕ್ವೇರ್ ಎಂಎಂ ಸಾಲದು. ಹೋಗಿ ಬರುವ ತಂತಿ ಸೇರಿ 80 ಮೀಟರ್, 32 ಆಂಪಿಯರಿಗೆ 8 ವೋಲ್ಟ್ ನಷ್ಟ. 10 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 5ರ ಒಳಗೆ ಬರುತ್ತದೆ. 3.3 ಕಿಲೋವಾಟ್ ಸಾಕು ಎಂದಾದರೆ 4 ಸ್ಕ್ವೇರ್ ಎಂಎಂಗೆ 6 ವೋಲ್ಟ್ ನಷ್ಟ, ನಡೆಯುತ್ತದೆ. ಕೇಬಲ್ ನಿಮ್ಮದೇ ಮೀಟರಿನಿಂದ ಹೊರಡಲಿ, ಸಾಮಾನ್ಯ ಮೀಟರಿನಿಂದ ಬೇಡ. ಜಗಳ ಅಲ್ಲಿಂದಲೇ ಶುರುವಾಗುವುದು.

ಅಸೋಸಿಯೇಷನಿಗೆ ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಕೊಡಿ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿ ಇರುವ ಸಂಪರ್ಕದಿಂದಲೇ ಅಥವಾ ಬೇರೆ ಸಂಪರ್ಕ ಪಡೆದು ಗಾಡಿ ಚಾರ್ಜ್ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅರ್ಜಿಯ ಜತೆ ಒಂದು ಗೆರೆಯ ನಕ್ಷೆ ಇಡಿ: ಮೀಟರ್, ಎಂಸಿಬಿ, ಆರ್‌ಸಿಸಿಬಿ, ಕೇಬಲ್ ಹೋಗುವ ದಾರಿ, ಕೇಬಲ್ ಗಾತ್ರ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ. ನಕ್ಷೆ ಕಂಡರೆ ಅರ್ಧ ಆಕ್ಷೇಪ ಅಲ್ಲೇ ಕರಗುತ್ತದೆ. ಬೆಂಕಿಯ ಹೆದರಿಕೆಗೆ ಉತ್ತರ ಕೂಡ ಆ ಆರ್‌ಸಿಸಿಬಿ, ಆ ಸಾಕೆಟ್. ಮೂರನೇ ಮಹಡಿಯ ಕಿಟಕಿಯಿಂದ ವಯರ್ ಇಳಿಬಿಡುವುದೇ ನಿಜವಾದ ಅಪಾಯ.

ಲೆಕ್ಕದ_ಪುಸ್ತಕ:

ಹಣದ ವಿಷಯದಲ್ಲಿ ಹಿಂಜರಿಯುವವರನ್ನು ತಪ್ಪು ಎನ್ನಲಾಗದು. ಎಷ್ಟೋ ಜನರಿಗೆ ಲೆಕ್ಕ ಕೂಡುವುದೇ ಇಲ್ಲ.

ತಿಂಗಳಿಗೆ 1000 ಕಿಲೋಮೀಟರ್ ಹಿಡಿಯೋಣ. ಪೆಟ್ರೋಲ್ ಗಾಡಿ ಲೀಟರಿಗೆ 16 ಕೊಟ್ಟು, ಲೀಟರ್ 102 ರೂಪಾಯಿ ಎಂದರೆ ಸುಮಾರು 6,400 ರೂಪಾಯಿ. ಇವಿಗೆ 150 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿ ಮೀಟರಿನಲ್ಲಿ 170. ಯೂನಿಟಿಗೆ 6 ರೂಪಾಯಿ ಎಂದರೆ 1,020. ತಿಂಗಳ ಉಳಿತಾಯ ಸುಮಾರು 5,400. ಎರಡು ಗಾಡಿಗಳ ಆನ್‌ರೋಡ್ ವ್ಯತ್ಯಾಸ 4 ಲಕ್ಷ ಇದ್ದರೆ ಆರು ವರ್ಷ ಚಿಲ್ಲರೆಯಲ್ಲಿ ಸರಿಹೋಗುತ್ತದೆ. ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡುವವರಿಗೆ ಹನ್ನೆರಡು ವರ್ಷ ಬೇಕು. ಅವರು ಪೆಟ್ರೋಲ್ ತೆಗೆದುಕೊಳ್ಳುವುದೇ ಸರಿ. ಮನೆಯಲ್ಲಿ ಚಾರ್ಜ್ ಮಾಡಲಾಗದೆ ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ಯೂನಿಟಿಗೆ 20ರ ಆಸುಪಾಸು, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುವಲ್ಲಿ ಇನ್ನೂ ಹೆಚ್ಚು. ಉಳಿತಾಯ 3,000ಕ್ಕೆ ಇಳಿಯುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ ಹೋಯಿತು. ಇವಿಗೆ ಮೊದಲಿನಂತೆ ಶೇ 5. ಅಂದರೆ ಪೆಟ್ರೋಲ್ ಗಾಡಿ ಅಗ್ಗವಾಯಿತು, ಇವಿ ಇದ್ದಲ್ಲೇ ಇತ್ತು. ಹಳೆಯ ಲೇಖನಗಳ ಬೆಲೆ ಹೋಲಿಕೆ ಈಗ ಉಪಯೋಗಕ್ಕೆ ಬಾರದು, ಹೊಸ ಕೊಟೇಶನ್ ತೆಗೆದುಕೊಂಡು ಲೆಕ್ಕ ಮಾಡಿ.

ಯಾರೂ ಹೇಳದ ಸಂಗತಿ ಗೃಹಜ್ಯೋತಿ, ಅಂದರೆ 200 ಯೂನಿಟ್ ಮಿತಿಯ ಉಚಿತ ಕರೆಂಟ್ ಯೋಜನೆ. ಮನೆಗೆ 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವವರು ಅದೇ ಮೀಟರಿನಿಂದ ಕಾರಿಗೆ 170 ಯೂನಿಟ್ ಎಳೆದರೆ ಒಟ್ಟು 290. 200 ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು, ದಾಟಿದ 90ಕ್ಕೆ ಮಾತ್ರ ಅಲ್ಲ. ಮನೆಯ 120 ಯೂನಿಟ್ಟಿನ ಸುಮಾರು 700 ರೂಪಾಯಿ, ಮೇಲೆ ನಿಗದಿತ ಶುಲ್ಕ ನಿಮ್ಮ ತಲೆಗೆ ಬಂತು. ಇದಕ್ಕೆ ದಾರಿ ಎಂದರೆ ಗಾಡಿಗೇ ಬೇರೆ ಆರ್‌ಆರ್ ನಂಬರ್. ಇವಿ ಚಾರ್ಜಿಂಗಿಗೆ ಪ್ರತ್ಯೇಕ ದರದ ವಿಭಾಗ ಉಂಟು. ಅದರ ನಿಗದಿತ ಶುಲ್ಕ, ಠೇವಣಿ, ವಯರಿಂಗ್ ಖರ್ಚು ಎಲ್ಲ ಕೇಳಿ, ಗೃಹಜ್ಯೋತಿಯಲ್ಲಿ ಉಳಿಯುವ ಹಣದ ಪಕ್ಕದಲ್ಲಿಟ್ಟು ನೋಡಿ.

ಬ್ಯಾಟರಿಗೆ ಬೇರೆ ಬಾಡಿಗೆ ಕಟ್ಟುವ ಯೋಜನೆಗಳಲ್ಲಿ ಮುಂಗಡ ಬೆಲೆ ಕಡಿಮೆ ಕಾಣುತ್ತದೆ. ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ, ಕರೆಂಟಿಗೆ ಒಂದು ರೂಪಾಯಿ ಎಂದರೆ ನಾಲ್ಕೂವರೆ. ಪೆಟ್ರೋಲಿಗೆ ಆರು ಚಿಲ್ಲರೆ. ಜತೆಗೆ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಹಣ ಕಟ್ಟಲೇಬೇಕು ಎಂಬ ಷರತ್ತು ಉಂಟಾ ಎಂದು ಓದದೆ ಸಹಿ ಹಾಕಬೇಡಿ.

ಸೆಲ್_ಮತ್ತು_ಬಿಎಂಎಸ್:

ನೀರು: ಬ್ಯಾಟರಿ ಪ್ಯಾಕಿನ ಮೇಲಿನ ಐಪಿ67 ಗುರುತು ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬ ಪರೀಕ್ಷೆ. ಅದು ಪ್ಯಾಕಿಗೆ ಮಾತ್ರ, ಇಡೀ ಕಾರಿಗಲ್ಲ. ಸೀಟಿನ ಕೆಳಗಿನ ಕನೆಕ್ಟರ್, 12 ವೋಲ್ಟ್ ವಯರಿಂಗ್, ಕಂಟ್ರೋಲ್ ಯೂನಿಟ್‌ಗಳಿಗೆ ಆ ಭರವಸೆ ಇಲ್ಲ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಚಕ್ರದ ಅರ್ಧಕ್ಕಿಂತ ಮೇಲೆ ಇದ್ದರೆ ಇವಿಯನ್ನೂ ಇಳಿಸಬಾರದು. ಶಾಕಿನ ಹೆದರಿಕೆ ಮಾತ್ರ ಬೇಡ. ದೊಡ್ಡ ಬ್ಯಾಟರಿಯ ಎರಡೂ ತುದಿಗಳು ಗಾಡಿಯ ಬಾಡಿಗೆ ಸೇರಿರುವುದಿಲ್ಲ, ಸೋರಿಕೆ ಕಂಡರೆ ಗಾಡಿ ಎಚ್ಚರಿಕೆ ಕೊಡುತ್ತದೆ ಅಥವಾ ಕಾಂಟ್ಯಾಕ್ಟರ್ (ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್) ತಾನೇ ತೆರೆದುಕೊಳ್ಳುತ್ತದೆ. ಮುಳುಗಿದ ಗಾಡಿಯನ್ನು ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಚಕ್ರ ನೆಲಕ್ಕೆ ತಾಗಿಸಿ ಎಳೆಸಬೇಡಿ, ಫ್ಲ್ಯಾಟ್‌ಬೆಡ್ ಕರೆಸಿ. ಕಟ್ಟಡದಿಂದ 15 ಮೀಟರ್ ದೂರ ನಿಲ್ಲಿಸಿ.

ಉಪ್ಪು ಗಾಳಿಗೆ ಪ್ಯಾಕಿನ ಒಳಗಿನ ಸೆಲ್ ಹಾಳಾಗುವುದಿಲ್ಲ. ಹಾಳಾಗುವುದು ಹೊರಗಿನದು: ಚಾರ್ಜಿಂಗ್ ಪೋರ್ಟಿನ ಪಿನ್, ಅರ್ತ್ ಬೋಲ್ಟ್, ಬ್ರೇಕ್ ಡಿಸ್ಕ್. ರೀಜನ್‌ನಿಂದಾಗಿ ಕಾಲಿನ ಬ್ರೇಕ್ ಬಳಕೆ ಕಡಿಮೆ, ಹಾಗಾಗಿ ಮರವಂತೆ, ಮಲ್ಪೆ ಕಡೆಯ ಗಾಡಿಗಳ ಡಿಸ್ಕಿಗೆ ಬೇಗ ತುಕ್ಕು ಕೂರುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜನ್ ತೆಗೆದು ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಪೋರ್ಟಿನ ಮುಚ್ಚಳ ತೆರೆದಿಡಬೇಡಿ. ಅಡಿಭಾಗಕ್ಕೆ ಸಿಹಿನೀರು ಸಾಕು, ಪ್ರೆಷರ್ ಜೆಟ್ಟನ್ನು ಕಿತ್ತಳೆ ಬಣ್ಣದ ಕೇಬಲ್ ಕಡೆ ತಿರುಗಿಸಬೇಡಿ. ಗಾಡಿಯನ್ನು ಸಮುದ್ರದ ಮರಳಿಗೆ ಇಳಿಸುವುದಂತೂ ಕೂಡದು.

ಬ್ಯಾಟರಿ ಆಯುಷ್ಯ: ಸಾಮಾನ್ಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಎಂಟನೇ ವರ್ಷ ಮುಗಿದ ದಿನ ಬ್ಯಾಟರಿ ಸಾಯುವುದಿಲ್ಲ, ಸಾಮರ್ಥ್ಯ ನಿಧಾನವಾಗಿ ಇಳಿಯುತ್ತದೆ. ಈಗ ಕೆಲವು ಕಂಪೆನಿಗಳು ಕೊಡುವ ಜೀವಿತಾವಧಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಬೆಲೆ ಕುಸಿಯುವುದಕ್ಕೆ ಇದೂ ಒಂದು ಕಾರಣ, ಇಲ್ಲಿ ಜನರ ಅನುಮಾನ ನ್ಯಾಯವಾದದ್ದೇ. ಕೊಳ್ಳುವವರು ಸರ್ವಿಸ್ ಸೆಂಟರಿನ ಬ್ಯಾಟರಿ ಆರೋಗ್ಯದ ವರದಿ ಕೇಳಬೇಕು. ಎಲ್‌ಎಫ್‌ಪಿ (ಕಬ್ಬಿಣ-ಫಾಸ್ಫೇಟ್) ಸೆಲ್ ಇದ್ದರೆ ವಾರಕ್ಕೊಮ್ಮೆ ಶೇ 100ಕ್ಕೆ ಏರಿಸಿ. ಅದರ ವೋಲ್ಟೇಜ್ ಮಧ್ಯದಲ್ಲಿ ಸಪಾಟಾಗಿರುವುದರಿಂದ ತುದಿ ಮುಟ್ಟದಿದ್ದರೆ ಉಳಿದದ್ದೆಷ್ಟು ಎಂದು ಬಿಎಂಎಸ್‌ಗೆ (ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರಿಗೆ) ಸರಿಯಾಗಿ ತಿಳಿಯುವುದಿಲ್ಲ, ಶೇ 12 ತೋರಿಸುತ್ತಲೇ ನಿಂತುಬಿಡಬಹುದು. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್ ಇದ್ದರೆ ದಿನನಿತ್ಯ ಶೇ 80 ಸಾಕು.

ಗಲ್ಫಿನಲ್ಲಿರುವವರ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿರುತ್ತದೆ. ಶೇ 100 ತುಂಬಿಸಿ ಹೋಗುವುದು ದೊಡ್ಡ ತಪ್ಪು, ತುಂಬಿದ ಸೆಲ್ ಸೆಕೆಗೆ ಬೇಗ ಮುದಿಯಾಗುತ್ತದೆ. 50–60ರಲ್ಲಿ ಬಿಟ್ಟು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚುವ ವಿಧಾನವನ್ನು ಮ್ಯಾನ್ಯುವಲಿನಲ್ಲಿ ನೋಡಿ ಹಾಗೆ ಮಾಡಿ. ದೊಡ್ಡ ಬ್ಯಾಟರಿ ಸರಿ ಇದ್ದರೂ ಈ ಸಣ್ಣದು ಸತ್ತರೆ ಗಾಡಿ ಎಚ್ಚರವಾಗುವುದಿಲ್ಲ.

ಮಲ್ಪೆ_ಗಾಳಿ:

ತುಂಬಾ ಉಪಕಾರ. ಎರಡೇ ಸಂಶಯ. ಸುರಿಯುವ ಮಳೆಯಲ್ಲಿ ತೆರೆದ ಅಂಗಳದಲ್ಲಿ ಚಾರ್ಜ್ ಮಾಡಬಹುದಾ? ಬಾಡಿಗೆ ಮನೆಯವರು, ರಸ್ತೆ ಬದಿಯಲ್ಲಿ ನಿಲ್ಲಿಸುವವರು ಎಂತ ಮಾಡುವುದು?

ವಯರಿಂಗ್_ಪೆಟ್ಟಿಗೆ:

ಗನ್ ಮತ್ತು ಗಾಡಿಯ ಪೋರ್ಟ್ ಮಳೆಗೆ ತಡೆಯುತ್ತವೆ, ಗೋಡೆಯ ಸಾಕೆಟ್ ತಡೆಯುವುದಿಲ್ಲ. ಸಾಕೆಟ್ ಮತ್ತು ಚಾರ್ಜರ್ ಪೆಟ್ಟಿಗೆ ಮಾಡಿನ ಕೆಳಗೆ, ನೆಲದಿಂದ ಒಂದು ಮೀಟರ್ ಮೇಲೆ ಇರಲಿ. ಗನ್ನನ್ನು ನೆಲಕ್ಕೆ ಬಿಡದೆ ಕೊಕ್ಕೆಗೆ ನೇತುಹಾಕಿ. ನಮ್ಮ ಮಳೆ ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ, ಆದ್ದರಿಂದ ಸಾಕೆಟ್ಟನ್ನು ಪಡುಗೋಡೆಗೆ ಹಾಕಬೇಡಿ.

ಬಾಡಿಗೆ ಮನೆಯಲ್ಲಿ ಮಾಲೀಕರು ಬರಹದಲ್ಲಿ ಒಪ್ಪಿದರೆ ಮಾತ್ರ ಮುಂದುವರಿಯಿರಿ, ಹೋಗುವಾಗ ಕೇಬಲ್ ಬಿಚ್ಚಿಕೊಂಡು ಹೋಗುವ ಹಾಗೆ ಪೈಪಿನಲ್ಲಿ ಎಳೆಸಿ. ರಸ್ತೆ ಬದಿಯಲ್ಲಿ ನಿಲ್ಲಿಸುವವರು ಈಗ ತೆಗೆದುಕೊಳ್ಳಬೇಡಿ. ರಾತ್ರಿ ಪ್ಲಗ್ ಸಿಗದ ಇವಿ ಕೈಗೆ ಕೆಲಸ ಕೊಡುತ್ತದೆ, ಲಾಭ ಕೊಡುವುದಿಲ್ಲ. ಉಳಿದವರು ಅರ್ತನ್ನು ಈಗ ಮಳೆಯಲ್ಲಿ ಅಳೆಯಿಸಿ ಸರಿ ಉಂಟು ಎಂದುಕೊಳ್ಳಬೇಡಿ. ಏಪ್ರಿಲ್ ಕೊನೆಯಲ್ಲಿ, ಮೊದಲ ಮಳೆ ಬೀಳುವ ಮುಂಚೆ ಇನ್ನೊಮ್ಮೆ ಅಳೆಯಿಸಿ, ಆ ಸಂಖ್ಯೆಯನ್ನು ಮೀಟರ್ ಬೋರ್ಡಿನ ಒಳಬದಿಯಲ್ಲಿ ತಾರೀಕು ಹಾಕಿ ಬರೆದಿಡಿ.